ಪರದೆಯ ಅಜ್ಜಿ ‘ಸಾಕು’ ಎಂದಾಗ

ಇಪ್ಪತ್ತೆರಡರ ವಯಸ್ಸಿನಲ್ಲೇ ಕುರ್ಚಿಯಿಂದ ಏಳುವಾಗ ‘ಅಮ್ಮಾ’ ಎನ್ನುತ್ತಿದ್ದವನು ನಾನು. ಅಂಥವನನ್ನು ಮುದುಕರ ವ್ಯಾಯಾಮದ ಪಾಠಕ್ಕೆ ಹಾಕಿದ್ದರು. ಪಾಠ ಮುದುಕರಿಗಲ್ಲ, ಅವರನ್ನು ನೋಡಿಕೊಳ್ಳುವ ಆಯಾಗಳಿಗೆ. ಅದೂ ಬಾಯಿಂದಲ್ಲ, ಕಂಪ್ಯೂಟರಿನಿಂದ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪೀಣ್ಯದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿಕೊಂಡಿದ್ದೆ. ರಾಜಗೋಪಾಲನಗರದ ಅಂಚಿನಲ್ಲಿದ್ದ ವೃದ್ಧಾಶ್ರಮಕ್ಕೆ ಯಾರೋ ಪುಣ್ಯಾತ್ಮರು ಒಂದು ಕಂಪ್ಯೂಟರ್ ಕೊಟ್ಟರು. ಅಲ್ಲಿನ ಫಿಸಿಯೋಥೆರಪಿ ಮೇಡಂ ಆಯಾಗಳಿಗಾಗಿ ಒಂದು ಪಾಠದ ಸಿ.ಡಿ. ಮಾಡಿಸಬೇಕೆಂದರು. ಕೆಲಸ ನಮ್ಮ ಕ್ಲಾಸಿಗೆ ಬಂತು. ಪಾಠದಲ್ಲಿ ಒಂದು ಅಜ್ಜಿ ಗೊಂಬೆ, ಒಂದು ಆಯಾ ಗೊಂಬೆ. ಮಾಲೀಕರು ನನ್ನನ್ನು ಕರೆದರು.

“ನನ್ನ ಬೆನ್ನ ಹಿಂದೆ ನನ್ನ ಹಂಗೇ ಮಾತಾಡಿ ಎಲ್ಲರನ್ನೂ ನಗಿಸ್ತೀಯಂತೆ. ಎಲ್ಲಾ ವಾಯ್ಸೂ ನೀನೇ ಕೊಟ್ಬಿಡು ಮಗಾ.”

ಅದು ಶಿಕ್ಷೆಯೋ ಬಡ್ತಿಯೋ ತಿಳಿಯಲಿಲ್ಲ.

ಬಸ್ಸಿನಲ್ಲಿ ಸೀಟು ಬೇಕಾದಾಗ ಮಾತ್ರ ಮಂಡಿನೋವು ಬರುವ ನನ್ನ ಚಿಕ್ಕಮ್ಮನನ್ನು ನೆನೆದು, “ಸಾಕಮ್ಮಾ, ನನ್ನ ಕೈಲಾಗಲ್ಲ” ಎಂದು ಅಜ್ಜಿಯ ದನಿಯಲ್ಲಿ ನಡುಗಿದೆ. ಮೇಡಂ ಕೇಳಿ, “ಇನ್ನೂ ಸ್ವಲ್ಪ ಭಯ ಹಾಕಿ” ಎಂದರು, ಸಾರಿಗೆ ಉಪ್ಪು ಹಾಕಿ ಎಂಬಂತೆ. ಹಾಕಿದೆ. ಉತ್ತರ ತಪ್ಪಾದರೆ “ತಪ್ಪು. ಮತ್ತೆ ಪ್ರಯತ್ನಿಸಿ” ಎನ್ನುವ ಗಂಡಸೂ ನಾನೇ. ಅವನಿಗೆ ರೇಡಿಯೋ ವಾರ್ತೆಯ ಗಾಂಭೀರ್ಯ ಕೊಟ್ಟಿದ್ದೆ.

ಸಿ.ಡಿ. ಸಿದ್ಧವಾದ ಮೇಲೆ ಆಯಾಗಳ ಪಕ್ಕ ಕೂತು ಅದನ್ನು ಕಲಿಸುವ ಕೆಲಸವೂ ನನ್ನ ತಲೆಗೇ ಬಂತು. ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆದು, ಒಬ್ಬೊಬ್ಬರನ್ನೇ ಕೂರಿಸುತ್ತಿದ್ದೆ. ಎಲ್ಲರೂ ಒಂದೆರಡು ದಿನದಲ್ಲಿ ಪಾಸಾದರು. ಒಬ್ಬರು ಮಾತ್ರ ಉಳಿದರು.

ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ವಿಜಾಪುರದ ಕಡೆಯವರು. ಗಂಡ ಪೀಣ್ಯದ ಕಾರ್ಖಾನೆಯಲ್ಲಿದ್ದ, ಹತ್ತಿರದಲ್ಲೇ ಬಾಡಿಗೆಯ ಕೋಣೆ. ಆಶ್ರಮದ ಮುದುಕರಿಗೆಲ್ಲ ಅಕ್ಕನೇ ಬೇಕು. ತಲೆ ಬಾಚಲು, ತುತ್ತು ಕೊಡಲು, ಬೈಯಲು ಸಹ. ಆದರೆ ಅಕ್ಕ ನೋಡಿಕೊಳ್ಳುತ್ತಿದ್ದವರು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ. ಅದನ್ನು ಗಮನಿಸಿದ್ದ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: “ಶನಿವಾರದೊಳಗೆ ಈ ಪಾಠ ಪಾಸಾಗದವರು ವಾರ್ಡಿನಲ್ಲಿ ಇರೋ ಹಾಗಿಲ್ಲ. ಬಟ್ಟೆ ಒಗೆಯೋ ಕಡೆ ಹೋಗ್ಲಿ.”

“ಬಟ್ಟಿ ಮಾತಾಡ್ತಾವೇನ್ರಿ ಸರ?” ಎಂದು ಅಕ್ಕ ನನ್ನನ್ನು ಕೇಳಿದರು. “ಈ ಊರಾಗ ನನ್ನ ಜೋಡಿ ಮಾತಾಡೋರು ಈ ಹಿರೇರಷ್ಟ.”

ಮೌಸನ್ನು ಕೋಳಿಮರಿ ಹಿಡಿದಂತೆ ಹಿಡಿಯುತ್ತಿದ್ದರಾದರೂ ಅಕ್ಕ ಜಾಣೆ. ಅಜ್ಜಿ ಗೊಂಬೆಯನ್ನು ಕುರ್ಚಿಯ ಅಂಚಿಗೆ ಸರಿಸುವುದು, ಪಾದ ಹಿಂದಕ್ಕೆ ಇಡಿಸುವುದು, ಮುಂದೆ ಬಾಗಿಸುವುದು ಎಲ್ಲ ಸರಿ. ಆಮೇಲೆ ಅಜ್ಜಿ “ಸಾಕಮ್ಮಾ” ಎನ್ನುತ್ತಾಳೆ. ಪರದೆಯ ಮೇಲೆ ಎರಡು ಗುಂಡಿ ಬರುತ್ತವೆ: ‘ನಿಲ್ಲಿಸಿ’, ‘ನೋವೋ ಭಯವೋ ಕೇಳಿ’. ಅಕ್ಕ ಪ್ರತಿ ಸಲವೂ ‘ನಿಲ್ಲಿಸಿ’ ಒತ್ತುತ್ತಿದ್ದರು. ವಾರ್ತೆ ಓದುವ ನಾನು “ತಪ್ಪು” ಎನ್ನುತ್ತಿದ್ದೆ. ಪಕ್ಕದಲ್ಲಿ ಕೂತ ನಾನು ಉಗುರು ಕಡಿಯುತ್ತಿದ್ದೆ.

“ಅಕ್ಕಾ, ಆ ಕಡೆ ಗುಂಡಿ ಒತ್ತಿ, ಮುಗೀತು. ಇಷ್ಟೇ ಕಣ್ರೀ.”

“ಗೊತ್ತೈತ್ರಿ. ಕೈ ಹೋಗವಲ್ದು. ಹಿರೇರು ಸಾಕು ಅಂದ ಮ್ಯಾಲ ತಿರುಗಿ ಕೇಳೂದಂದ್ರ ಎದುರು ಮಾತಾಡಿದಂಗ ಆಗೂದಿಲ್ಲೇನ್ರಿ? ನಮ್ಮ ಅತ್ತಿ ಮುಂದ ಹಿಂಗ ಮಾಡಿದ್ರ ಆಕಿ ಊಟ ಬಿಡ್ತಿದ್ಲು.”

“ಇದು ಗೊಂಬೆ. ಇದರೊಳಗೆ ಇರೋದು ನಾನು.”

“ನೀವು ಹಂಗ ಅಳಬಾರದಿತ್ರಿ.”

ಜಗಲಿಯ ಮೇಲೆ ಕುರ್ಚಿ ಹಾಕಿ ನಾನೇ ಅಜ್ಜಿಯಾದೆ. ಮೇಡಂ ಥರದ ಅಜ್ಜಿ, ಮಾಲೀಕರ ಥರದ ಅಜ್ಜಿ. ಅಕ್ಕ ಬಿದ್ದು ಬಿದ್ದು ನಕ್ಕರು. ನಗುವಾಗ ಸರಾಗವಾಗಿ, “ನೂಸತೈತೋ, ಅಂಜಿಕಿಯೋ?” ಎಂದು ಆ ‘ನೋವೋ ಭಯವೋ’ ಪ್ರಶ್ನೆಯನ್ನು ಕೇಳುತ್ತಿದ್ದರು. ಸಿ.ಡಿ.ಯ ಅಜ್ಜಿಯ ದನಿಯಲ್ಲಿ “ಸಾಕಮ್ಮಾ” ಎಂದ ತಕ್ಷಣ ಅವರ ನಗು ಹೋಗಿ, ಎರಡೂ ಕೈ ನನ್ನ ಭುಜದ ಮೇಲೆ ಬಂದು, “ಕುಂದರ್ರಿ ಅವ್ವಾ, ಬಿಡ್ರಿ” ಎನ್ನುತ್ತಿದ್ದರು. ನಾನು ಕೂತುಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಹಾಯೆನಿಸುತ್ತಿತ್ತು.

ಆ ವಾರವಿಡೀ ಚಿಕ್ಕಬಾಣಾವರದ ಮನೆಗೆ ಹೋಗುವ ಬಸ್ಸಿನಲ್ಲಿ ಯಾರ ದನಿ ತೆಗೆದರೂ ಅದು ಆ ಅಜ್ಜಿಯದೇ ಆಗುತ್ತಿತ್ತು. ಕಂಡಕ್ಟರನನ್ನು ಅಣಕಿಸಲು ಹೋದರೆ ಅವನೂ ನನ್ನ ಬಾಯಲ್ಲಿ ಅಜ್ಜಿಯಂತೆ ನಡುಗುತ್ತ ಚೀಟಿ ಕೊಟ್ಟ. ಮೇಡಂ ಹತ್ತಿರ ಹೋಗಿ, ದನಿ ಬದಲಿಸಿ ಇನ್ನೊಂದು ಸಿ.ಡಿ. ಮಾಡೋಣವೇ ಎಂದು ಕೇಳಿದೆ.

“ಆ ದನೀಲಿ ಏನು ತಪ್ಪಿದೆ?” ಎಂದರು ಮೇಡಂ. “ವಾರ್ಡಿನಲ್ಲಿ ಅಜ್ಜಿ ಹಾಗೇ ಹೇಳ್ತಾರಲ್ವಾ?”

ಹಾಗೇ ಹೇಳುತ್ತಿದ್ದರು. ಧಾರವಾಡದ ಕಡೆಯ, ಹಣೆಗೆ ವಿಭೂತಿ ಹಚ್ಚುವ ಅಜ್ಜಿ ಒಬ್ಬರಿದ್ದರು. ಸೊಂಟದ ಆಪರೇಷನ್ ಆದ ಮೇಲೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಲಾಗದೆ ಇಲ್ಲಿಗೆ ಬಂದವರು. ಮೂಳೆ ಕೂಡಿತ್ತು. ಆದರೂ ಕಾಲೂರುತ್ತಿರಲಿಲ್ಲ. ಅಕ್ಕನ ಮೇಲೆ ಅವರಿಗೆ ಪ್ರಾಣ. ಊರಿನ ಮಾತಾಡುವವಳು, ಒಮ್ಮೆಯೂ ತೊಂದರೆ ಕೊಡದವಳು ಎಂದು.

ಶನಿವಾರ ಮೇಡಂ ಬಂದು ಹಿಂದೆ ನಿಂತರು. ಅಕ್ಕ ಕೂತರು. ನಾನು ಕಿಟಕಿಯ ಹತ್ತಿರ ಸರಿದೆ. ಅಂಚಿಗೆ ಸರಿಸಿದ್ದಾಯಿತು, ಬಾಗಿಸಿದ್ದಾಯಿತು. ನನ್ನ ದನಿ ಬಂತು: “ಸಾಕಮ್ಮಾ, ನನ್ನ ಕೈಲಾಗಲ್ಲ.” ಎರಡು ಗುಂಡಿಗಳು. ಬಾಣದ ಗುರುತು ಮಧ್ಯದಲ್ಲಿ ಅಲ್ಲಾಡುತ್ತ ನಿಂತಿತು. ‘ನಿಲ್ಲಿಸಿ’ಯ ಕಡೆ ಹೊರಟಿತು. ನಾನು ಕಣ್ಣು ಮುಚ್ಚಿದೆ.

ಕ್ಲಿಕ್ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಅಕ್ಕ ಮೌಸ್ ಬಿಟ್ಟು, ಪರದೆಯ ಮೇಲಿನ ಅಜ್ಜಿಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. “ತಪ್ಪ ತಿಳಕೋಬ್ಯಾಡ್ರಿ ಅವ್ವಾ” ಎಂದು ಮೆಲ್ಲಗೆ ಹೇಳಿ, ಮೌಸ್ ಹಿಡಿದು, ಇನ್ನೊಂದು ಗುಂಡಿ ಒತ್ತಿದರು. ಗೊಂಬೆ ಅಜ್ಜಿ, “ನೋವಿಲ್ಲಮ್ಮಾ, ಬಿದ್ದೋಗ್ತೀನೇನೋ ಅಂತ ಭಯ” ಎಂದಳು. ಇಷ್ಟು ದಿನ ಯಾವತ್ತೂ ಅಲ್ಲಿವರೆಗೆ ಬಾರದಿದ್ದ ಅಕ್ಕ ಆ ಮಾತನ್ನು ಮೊದಲ ಸಲ ಕೇಳಿದರು.

“ಪಾಸು” ಎಂದರು ಮೇಡಂ. “ವಾರ್ಡಲ್ಲೇ ಇರಿ. ಈಗ ಬನ್ನಿ, ಧಾರವಾಡದ ಅಜ್ಜೀನ ಎಬ್ಬಿಸೋಣ.”

ಹಾಸಿಗೆಯಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಿದಾಗ ಅಜ್ಜಿ ಅಕ್ಕನನ್ನು ನೋಡಿ ನಕ್ಕರು. ಕುರ್ಚಿಯ ಅಂಚಿಗೆ ಬಂದರು, ಬಾಗಿದರು, ಏಳದೆ ಅಷ್ಟಕ್ಕೇ ನಿಲ್ಲಿಸಿದರು. “ಸಾಕು ಬಿಡವಾ, ನನ್ನ ಕಡಿಂದ ಆಗೂದಿಲ್ಲ.”

“ನೂಸತೈತೇನ್ರಿ ಅವ್ವಾ, ಅಂಜಿಕಿ ಬರತೈತೋ?”

ಅಜ್ಜಿಯ ಮುಖ ಬಿಗಿಯಿತು. “ಸಾಕು ಅಂದ್ನಿಲ್ಲ? ನೀನೂ ತಿರುಗಿ ಮಾತಾಡಾಕ ಕಲಿತ್ಯಾ?”

“ಎಲ್ಲಿ ನೂಸತೈತಿ ತೋರಸ್ರಿ.”

ಅಜ್ಜಿ ಎಲ್ಲಿಯೂ ತೋರಿಸಲಿಲ್ಲ. ಅಕ್ಕನ ರಟ್ಟೆ ಹಿಡಿದಿದ್ದ ಕೈಯನ್ನೂ ಸಡಿಲಿಸಲಿಲ್ಲ. ಅಕ್ಕ ಹಣೆಗೆ ಹಣೆ ತಾಗುವಷ್ಟು ಬಗ್ಗಿ, “ನಾ ಹಿಡಿದೀನಿ” ಎಂದರು. ಸೊಂಟ ಕುರ್ಚಿ ಬಿಟ್ಟಿತು. ಇನ್ನಷ್ಟು ಬಿಟ್ಟಿತು. ಅಜ್ಜಿ ನಿಂತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗಳು.

“ನಾಳಿಂದ ನನ್ನ ಕಡೆ ಬರಬ್ಯಾಡ ನೀ. ಬ್ಯಾರೇದಾಕಿನ್ನ ಕಳಸು.”

ಅಕ್ಕ ಕಣ್ಣನ್ನು ಭುಜಕ್ಕೆ ಒರೆಸಿಕೊಂಡರು. ಕೈ ಬಿಡಲಿಲ್ಲ.

“ನಾಳಿನೂ ನಾನ ಬರ್ತೀನ್ರಿ ಅವ್ವಾ. ಕುಂದರಬ್ಯಾಡ್ರಿ, ಇನ್ನೊಂದೀಟು ನಿಂದರ್ರಿ.”