ಲೇಸರ್ ಮತ್ತು ಮಡಿ

ನನ್ನ ಹೆಂಡತಿ ತೀರಿಕೊಂಡದ್ದು ಡೆಂಗ್ಯೂ ಜ್ವರದಿಂದ. ಊರಿನವರು ಇವತ್ತಿಗೂ ಅವಳು ಸುಟ್ಟು ಸತ್ತಳೆಂದೇ ತಿಳಿದಿದ್ದಾರೆ. ಅವರನ್ನು ತಿದ್ದುವ ಶಕ್ತಿ ನನಗಿಲ್ಲ. ನಾನು ಬರೆಯಬೇಕಾದದ್ದು ಸುಟ್ಟ ಗಾಯಕ್ಕೂ ಆ ಜ್ವರಕ್ಕೂ ನಡುವೆ ಕಲೆಗೆ ಚಿಕಿತ್ಸೆ ನಡೆದ ಐದಾರು ತಿಂಗಳ ವಿಚಾರ.

ಆಗ ನಾವು ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಜನವರಿಯ ಒಂದು ಬೆಳಿಗ್ಗೆ ಮಗಳ ಒದ್ದೆ ಯೂನಿಫಾರ್ಮನ್ನು ರೂಮ್ ಹೀಟರಿನ ಮುಂದೆ ಹಿಡಿದು ಒಣಗಿಸುತ್ತಿದ್ದಾಗ ಹೆಂಡತಿಯ ಶಾಲಿನ ಅಂಚು ಕೆಂಪಗಾದ ತಂತಿಸುರುಳಿಗೆ ತಗುಲಿ ಹೊತ್ತಿಕೊಂಡಿತು. ಐದು ವರ್ಷದ ಮಗಳು ಪಕ್ಕದಲ್ಲೇ ನಿಂತಿದ್ದಳು. ನಾನು ಸ್ನಾನದ ಮನೆಯಿಂದ ಓಡಿಬಂದು ಕಂಬಳಿ ಸುತ್ತಿದೆ. ಅಷ್ಟರಲ್ಲಿ ಮಗಳು ಎಲ್ಲವನ್ನೂ ನೋಡಿಯಾಗಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಗಾಯ ಮಾಯಿತು, ಕಲೆ ಬೆಳೆಯಿತು. ದವಡೆಯಿಂದ ಎದೆಯ ಎಲುಬಿನವರೆಗೆ ಹುರಿಹಗ್ಗದಂತೆ ಉಬ್ಬಿದ ಚರ್ಮ ಕುತ್ತಿಗೆಯನ್ನು ಕೆಳಕ್ಕೆ ಎಳೆಯುತ್ತಿತ್ತು. ಬಲಗೈಯ ಮೇಲೂ ಹಾಗೆಯೇ. ಮಗಳು ಹತ್ತಿರ ಹೋಗುವುದನ್ನು ಬಿಟ್ಟಳು. ತಾಯಿ ಬಾಚಣಿಗೆ ತೆಗೆದುಕೊಂಡರೆ ಕೆಳಗಿನ ಮನೆಯ ಪಂಜಾಬಿ ಆಂಟಿಯ ಹತ್ತಿರ ಓಡಿ, ಅಲ್ಲಿ ಜಡೆ ಹಾಕಿಸಿಕೊಂಡು ಬರುತ್ತಿದ್ದಳು. ಹೆಂಡತಿ ಅಳಲಿಲ್ಲ. ಬಾಚಣಿಗೆಯನ್ನು ತೊಳೆದು ಒಳಗಿಟ್ಟಳು.

ಮುಂದಿನ ಚಳಿಗಾಲ ಕಳೆಯುವಾಗ ಯಾರೋ ದ್ವಾರಕಾ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಕಲೆಗೆ ಲೇಸರ್ ಕೊಡುತ್ತಾರೆ ಎಂದರು. ವೈದ್ಯರು ಕಲೆ ಪೂರ್ತಿ ಹೋಗುವುದಿಲ್ಲ, ಮೆತ್ತಗಾಗುತ್ತದೆ, ಎಳೆತ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿದರು. ನಿಮಗೆ ಏನಾಗಬೇಕು ಎಂದು ಅವಳನ್ನು ಕೇಳಿದರು. ಅವಳು ತನಗೆ ಬಂದ ಹಿಂದಿಯಲ್ಲಿ ಹೇಳಿದಳು.

“ಬೇಟಿ ಪಾಸ್ ಆಯೇ. ಬಸ್.”

ಮಗಳು ಹತ್ತಿರ ಬಂದರೆ ಸಾಕು. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಆರು ವಾರಕ್ಕೊಮ್ಮೆ, ಒಟ್ಟು ಐದು ಸಲ ಹೋಗಬೇಕಿತ್ತು. ಮರಗಟ್ಟಿಸುವ ಕ್ರೀಮು ಹಚ್ಚಿ ಒಂದು ಗಂಟೆ ಕೂರಿಸುತ್ತಿದ್ದರು. ಆಮೇಲೆ ಕಣ್ಣಿಗೆ ಕಪ್ಪು ಕನ್ನಡಕ. ಕದದ ಹೊರಗೆ ಕುಳಿತರೂ ಕೂದಲು ಸುಟ್ಟಂಥ ವಾಸನೆ ಬರುತ್ತಿತ್ತು. ಆ ವಾಸನೆಗೆ ನಾನು ಎದ್ದು ಮೆಟ್ಟಿಲ ಕಡೆ ಹೋಗಿ ನಿಲ್ಲುತ್ತಿದ್ದೆ. ಒಳಗೆ ಮಲಗಿದವಳಿಗೆ ಹೇಗಾಗುತ್ತಿತ್ತೋ ನಾನು ಕೇಳಲಿಲ್ಲ. ಹೊರಬಂದಾಗ ಕಲೆಯ ತುಂಬ ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳು. ಬಿಸಿಲಿಗೆ ಹೋಗಬಾರದು, ಮೊದಲ ಐದು ದಿನ ಆ ಜಾಗವನ್ನು ಯಾರೂ ಮುಟ್ಟಬಾರದು ಎಂದರು.

ಇದನ್ನು ಮಗುವಿಗೆ ಹೇಗೆ ಹೇಳುವುದು? ವರ್ಷಕ್ಕೊಮ್ಮೆ ನನ್ನ ತಾಯಿ ಊರಿನಿಂದ ಬಂದು ಎರಡು ತಿಂಗಳು ಇರುತ್ತಿದ್ದರು. ಅಜ್ಜಿ ಮಡಿಯುಟ್ಟು ಪೂಜೆಗೆ ಕೂತರೆ ಮುಟ್ಟಬಾರದೆಂದು ಮಗಳಿಗೆ ಗೊತ್ತಿತ್ತು, ಅದನ್ನು ಪಾಲಿಸುವುದರಲ್ಲಿ ಒಂದು ಜಂಬವೂ ಇತ್ತು. ಹಾಗಾಗಿ ನಾನು, “ಅಮ್ಮ ಈಗ ಮಡಿ, ಮುಟ್ಟಬಾರದು” ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು.

ಐದು ದಿನ ಕಳೆದ ಮೇಲೂ ನಾನು ಮಡಿ ಮುಗಿಯಿತು ಎನ್ನಲಿಲ್ಲ. ಮಗುವಿನ ಕೈ, ಪಾರ್ಕಿನ ಮಣ್ಣು, ಎಲ್ಲಿ ಸೋಂಕು ತಗುಲಿ ಮಾಡಿದ್ದೆಲ್ಲ ಹಾಳಾಗುತ್ತದೋ ಎಂದು ಹೆದರಿದ್ದೆ. ಎರಡನೆಯ ಸಲವೂ ಹಾಗೇ ಮಾಡಿದೆ. ಹೆಂಡತಿಯೂ ಬೇಡ ಎನ್ನಲಿಲ್ಲ.

“ಇರ್ಲಿ ಬಿಡಿ. ಹೆದರ್ಕೊಂಡು ದೂರ ನಿಲ್ಲೋದಕ್ಕಿಂತ ಮಡಿ ಅಂತ ನಿಲ್ಲಲಿ,” ಎಂದಳು.

ಮೂರನೆಯ ಸಲದ ನಂತರ ಕಲೆ ನಿಜವಾಗಿಯೂ ಮೆತ್ತಗಾಯಿತು. ಒಂದು ದಿನ ಊಟಕ್ಕೆ ಕೂತವಳು ತಲೆಯೆತ್ತಿ ಫ್ಯಾನು ನೋಡಿ, ಎಷ್ಟು ಧೂಳು ಹಿಡಿದಿದೆ ಎಂದಳು. ಒಂದೂವರೆ ವರ್ಷದಿಂದ ಅವಳು ಆ ಫ್ಯಾನನ್ನು ನೋಡಿರಲಿಲ್ಲ.

ನಾಲ್ಕನೆಯ ಸಲ ಮುಗಿದು ಮೂರು ವಾರವಾಗಿತ್ತು. ಒಂದು ಸಂಜೆ ಹೆಂಡತಿ ಒಳಕೋಣೆಯಲ್ಲಿ ಮಲಗಿದ್ದಳು. ಮಗಳು ಬಾಚಣಿಗೆ, ರಿಬ್ಬನ್ನು ಹಿಡಿದುಕೊಂಡು ಆ ಬಾಗಿಲ ಕಡೆ ಹೋಗುತ್ತಿದ್ದಳು. ನಾನು ಹಾಲ್‌ನಲ್ಲಿದ್ದೆ. ಅಭ್ಯಾಸಬಲದಿಂದ ಬಾಯಲ್ಲಿ ಬಂದದ್ದು, “ಏ, ಮಡಿ.”

ಅವಳು ನಿಂತಳು. “ಅಚ್ಛಾ,” ಎಂದು ವಾಪಸು ಹೋದಳು.

ಹೆಂಡತಿಗೆ ಇದನ್ನು ಹೇಳಲಿಲ್ಲ. ಇನ್ನೊಂದೇ ಸಲ ಬಾಕಿಯಿತ್ತು. ಎಲ್ಲ ಮುಗಿದ ದಿನ ನಾನೇ ಮಗಳ ಕೈಗೆ ಬಾಚಣಿಗೆ ಕೊಟ್ಟು ಕಳಿಸೋಣ, ಅವಳಮ್ಮನಿಗೆ ಅಚ್ಚರಿಯಾಗಲಿ ಎಂದುಕೊಂಡೆ.

ಅದಾಗಿ ವಾರಕ್ಕೆ ಹೆಂಡತಿಗೆ ಜ್ವರ ಬಂತು. ಆ ವರ್ಷ ನಮ್ಮ ಸೆಕ್ಟರಿನಲ್ಲಿ ಮನೆಗೊಬ್ಬರಿಗೆ ಡೆಂಗ್ಯೂ. ಆರನೆಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ತಪ್ಪಿತು. ಮಕ್ಕಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ. ಕಾವಲಿನವನಿಗೆ ಕೈಮುಗಿದು ಮಗಳನ್ನು ಒಳಗೆ ಕರೆದೊಯ್ದೆ. ಅವಳು ಮಂಚದಿಂದ ಎರಡು ಹೆಜ್ಜೆ ಹಿಂದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

“ಅಪ್ಪಾ, ಮಡಿ ಖತಮ್ ಆಯ್ತಾ?”

ಆಯಿತು, ಮುಟ್ಟು ಎಂದೆ. ಅವಳು ಹೊದಿಕೆಯ ಮೇಲಿಂದ ತಾಯಿಯ ಪಾದವನ್ನು ಒಂದು ಬೆರಳಿನಿಂದ ಮುಟ್ಟಿದಳು. ಹೆಂಡತಿಗೆ ಅದು ತಿಳಿಯುವ ಸ್ಥಿತಿ ಇರಲಿಲ್ಲ. ಮಾರನೆಯ ದಿನ ಹೋಗಿಬಿಟ್ಟಳು.

ತಿಂಗಳಾದ ಮೇಲೆ ನಾನೊಬ್ಬನೇ ದ್ವಾರಕಾಕ್ಕೆ ಹೋದೆ. ನಾನು ಮಾಡಿದ್ದು ಸರಿ ಎಂದು ಒಬ್ಬರಾದರೂ ಹೇಳಲಿ ಎಂದು ಹೋಗಿದ್ದೆ. ಮಗುವನ್ನು ಅಷ್ಟೂ ವಾರ ದೂರ ಇಟ್ಟದ್ದು ಒಳ್ಳೆಯದೇ ಆಯಿತಲ್ಲವೇ ಎಂದು ವೈದ್ಯರನ್ನು ಕೇಳಿದೆ. ಅವರು, ಐದು ದಿನ ಮಾತ್ರ ಹೇಳಿದ್ದೆನಲ್ಲ, ಆಮೇಲೆ ಕ್ರೀಮು ಹಚ್ಚಿ ಕಲೆಯನ್ನು ದಿನಾ ತಿಕ್ಕಬೇಕಿತ್ತು, ಕೈ ತೊಳೆದುಕೊಂಡು ಮಗುವೇ ತಿಕ್ಕಬಹುದಿತ್ತು ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಸಂಜೆ ಮಗಳು ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ತಪ್ಪು ನನ್ನದು, ಅಮ್ಮನನ್ನು ಮುಟ್ಟಬಹುದಿತ್ತು, ಗೊತ್ತಾಗದೆ ನಾನೇ ಬೇಡ ಎಂದುಬಿಟ್ಟೆ ಎಂದು ಅವಳಿಗೆ ಹೇಳಿದೆ. ಅವಳು ಬಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

“ಅವತ್ತು ನಾನು ಅಮ್ಮನ ಹತ್ರ ತಲೆ ಬಾಚಿಸ್ಕೊಳ್ಳೋಕೆ ಹೋಗ್ತಿದ್ದೆ ಅಲ್ವಾ. ಅಮ್ಮಂಗೆ ಗೊತ್ತಿತ್ತಾ?”

“ಗೊತ್ತಿತ್ತು,” ಎಂದೆ.

“ಯಾರು ಹೇಳಿದ್ರು?”

“ನಾನೇ ಹೇಳಿದೆ.”