ಹಾಡೆಲ್ಲ ಪ್ರಶ್ನೆಚಿಹ್ನೆಯಾದ ಮಧ್ಯಾಹ್ನ

ಕುಡುಗೋಲು ತಗುಲಿ ನಮ್ಮ ಮೇಡಂ ಅವರ ಬಲಗೈಯ ಕಿರುಬೆರಳು ಮಡಚಿಕೊಂಡೇ ಉಳಿದಿತ್ತು. ಮಿಕ್ಕ ಬೆರಳುಗಳು ಕೀಬೋರ್ಡಿನ ಮೇಲೆ ಓಡುವಾಗ ಅದೊಂದು ಅಂಗೈಗೆ ಅಂಟಿಕೊಂಡಿರುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ವರ್ಷಗಳಲ್ಲಿ ಹಾಸನದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಮಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದವರು ಅವರು. ದಂಡಿಗನಹಳ್ಳಿಯ ಬೇಸಾಯದ ಮನೆಯ ಮಗಳು.

ನಮ್ಮ ಪ್ರೋಗ್ರಾಂ ಬರೆದ ಕನ್ನಡ ಫೈಲಿನಲ್ಲಿ ತಿಂಗಳ ಹೆಸರು ಇಂಗ್ಲಿಷಿನಲ್ಲಿ ಬಂದರೆ, ಲಕ್ಷದ ಅಂಕಿಯಲ್ಲಿ ಅಲ್ಪವಿರಾಮ ತಪ್ಪಾದ ಕಡೆ ಬಿದ್ದರೆ ಅವರು ಒಪ್ಪುತ್ತಿರಲಿಲ್ಲ. "ಓದುವವರು ಯಾವ ಊರಿನವರು ಅಂತ ಮಿಷಿನ್‌ಗೆ ಏನು ಗೊತ್ತು? ನೀವೇ ಹೇಳಬೇಕು" ಎನ್ನುತ್ತಿದ್ದರು.

ಅವರ ತಾಯಿ ಸೋಬಾನೆ ಹಾಡುವವರು. ಆ ಹಾಡುಗಳನ್ನೆಲ್ಲ ಮೇಡಂ ಕೇಳಿ ಕೇಳಿ ಟೈಪ್ ಮಾಡಿಟ್ಟಿದ್ದರು. ಆಮೇಲೆ ತಾಯಿಗೆ ಲಕ್ವ ಹೊಡೆದು ಮಾತು ನಿಂತಿತು. ಪ್ರತಿ ಹಾಡಿನ ಮೇಲೆ ಅದನ್ನು ಹಾಡಿದ ದಿನವನ್ನು ಕನ್ನಡದಲ್ಲೇ ಸೇರಿಸಲೆಂದು ಮೇಡಂ ಒಂದು ಮಧ್ಯಾಹ್ನ ಪುಟ್ಟ ಪ್ರೋಗ್ರಾಂ ಬರೆದು ಕೇಂದ್ರದ ಹೊಸ ಕಂಪ್ಯೂಟರಿನಲ್ಲಿ ಓಡಿಸಿದರು. ಅಕ್ಷರಗಳನ್ನು ಯಾವ ಲಿಪಿಸಂಕೇತದಲ್ಲಿ, ಅಂದರೆ ಎನ್‌ಕೋಡಿಂಗಿನಲ್ಲಿ, ಉಳಿಸಬೇಕೆಂಬುದನ್ನು ಅವತ್ತು ಅವರೇ ಕಂಪ್ಯೂಟರಿಗೆ ಬಿಟ್ಟಿದ್ದರು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ; ಗೊತ್ತಿಲ್ಲದ ಅಕ್ಷರದ ಜಾಗಕ್ಕೆಲ್ಲ ಪ್ರಶ್ನೆಚಿಹ್ನೆ ಹಾಕಿತು. ಅದು ಹಳೆಯ ಫೈಲುಗಳ ಮೇಲೆಯೇ ಬರೆದುಬಿಟ್ಟಿತು. ತೆರೆದು ನೋಡಿದರೆ ಸಾಲುಸಾಲಿಗೂ ಬರೀ ಪ್ರಶ್ನೆಚಿಹ್ನೆ. ಬೇರೆ ಪ್ರತಿ ಇರಲಿಲ್ಲ.

ಫಾಂಟ್ ಹಾಕಿದರೆ ಸರಿಹೋದೀತು ಎಂದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಫಾಂಟ್ ಇಲ್ದಿದ್ರೆ ಅಕ್ಷರದ ಜಾಗ್ದಲ್ಲಿ ಡಬ್ಬಿ ಕಾಣ್ತವೆ. ಇದು ಅಂಗಲ್ಲ. ಅಕ್ಷರಾನೇ ಓಗ್ಬುಟ್ಟವೆ."

ಅವರ ಬಾಯಲ್ಲಿ ಊರಮಾತು ಕೇಳಿದ್ದು ಅದೇ ಮೊದಲು.

ಮಾರನೆಯ ದಿನ ರಜೆ ಹಾಕುತ್ತಾರೆಂದುಕೊಂಡಿದ್ದೆವು. ಬಂದವರೇ ಆ ಫೈಲನ್ನೇ ತೆರೆದಿಟ್ಟು ಪಾಠ ಮಾಡಿದರು. ಧ್ವನಿ ನಡುಗಲಿಲ್ಲ. ಅದರಿಂದಲೇ ನಮಗೆ ಇನ್ನೂ ದಿಗಿಲಾಯಿತು.

ಮುಂದೆ ಭಾನುವಾರಗಳಲ್ಲಿ ಊರಿಗೆ ಹೋಗಿ, ತಾಯಿಯ ಜೊತೆ ಹಾಡುತ್ತಿದ್ದ ಹೆಂಗಸರನ್ನು ತಾಯಿಯ ಮಂಚದ ಸುತ್ತ ಕೂರಿಸಿ ಹಾಡಿಸಿ, ಮತ್ತೆ ಟೈಪ್ ಮಾಡಿಕೊಂಡರು. ಒಮ್ಮೆ ನಾನೂ ಹೋಗಿದ್ದೆ. ಸಾಲು ತಪ್ಪಿದರೆ ಮಾತಿಲ್ಲದ ಆ ತಾಯಿ ತಲೆಯಾಡಿಸಿ ತಡೆಯುತ್ತಿದ್ದರು. ಬಹಳಷ್ಟು ಹಾಡು ಸಿಕ್ಕವು, ಎಲ್ಲವೂ ಅಲ್ಲ. ಸಿಗದ ಸಾಲನ್ನು ನೀನೇ ಕಟ್ಟಿ ಸೇರಿಸು ಎಂದು ಒಬ್ಬ ಅಜ್ಜಿ ಹೇಳಿದಾಗ ಮೇಡಂ ಒಪ್ಪಲಿಲ್ಲ. "ಬ್ಯಾಡ ಕಣವ್ವ. ಅವ್ವ ಯೋಳಿದ್ದಷ್ಟೇ ಇರ್ಲಿ."

ತಾಯಿಗಿಂತ ಮೊದಲು ಮೇಡಂ ಹೋದರು. ಊರಿನಲ್ಲಿದ್ದಾಗ ಎದೆನೋವೆಂದು ಚನ್ನರಾಯಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿಂದಿನ ದಿನ ತಾನೇ ಪಾಠ ಮಾಡಿದ್ದವರು. ಸುದ್ದಿ ಬಂದಾಗ ನಾವು ಯಾರೂ ನಂಬಲಿಲ್ಲ.

ತಿಥಿ ಕಳೆದ ಮೇಲೆ ನಾನು ಕೇಂದ್ರದ ಕಂಪ್ಯೂಟರಿನಲ್ಲಿದ್ದ ಆ ಹಾಡುಗಳನ್ನು ಮುದ್ರಿಸಿಕೊಂಡು ದಂಡಿಗನಹಳ್ಳಿಗೆ ಹೋದೆ. ಮಂಚದ ಪಕ್ಕ ಕುಳಿತು ಒಂದೊಂದಾಗಿ ಓದಿದೆ. ಮುಗಿಸಿ ಏಳಹೋದರೆ ಆ ತಾಯಿ ನನ್ನ ತೋಳು ಹಿಡಿದುಕೊಂಡರು. ಮತ್ತೆ ಮೊದಲಿನಿಂದ ಓದಿದೆ.