ಟಂಡ್ರಾ ನೋಟ್ಸಿನಲ್ಲಿ ಒಂದು ತಿದ್ದುಪಡಿ

ಮೈಸೂರಿನ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ಅಮ್ಮ ಬರ್ಮಿಂಗ್‌ಹ್ಯಾಮ್ ನಗರದ ಹಾರ್ಬೋರ್ನ್‌ನ ನಮ್ಮ ಮನೆಗೆ ಬಂದವಳೇ, ಲಂಡನ್ ಬೇಡ, ಹಿಮಸಾರಂಗ ತೋರಿಸು ಎಂದಳು. "ಟಂಡ್ರಾ ಪಾಠ ಮಾಡಿ ಮಾಡಿ ಗಂಟಲು ಒಣಗಿದೆ. ಒಂದ್ಸಲಾನೂ ಕಣ್ಣಾರೆ ನೋಡಿಲ್ಲ ಕಣೇ."

ನಾನು ಕೆಲಸ ಮಾಡುವ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಮೂರು ದಿನ ಬಿಡಿಸಿಕೊಳ್ಳಲು ಯಾರ್ಯಾರ ಕಾಲು ಹಿಡಿದೆನೋ, ನನಗೇ ಗೊತ್ತು. ಅಂತೂ ಬರ್ಮಿಂಗ್‌ಹ್ಯಾಮ್‌ನಿಂದ ನಾರ್ವೆಯ ಉತ್ತರದ ತುದಿಗೆ ಹೊರಟೆವು. ವಿಮಾನದುದ್ದಕ್ಕೂ ಅಮ್ಮ ಹಳೇ ನೋಟ್ಸ್ ಒಪ್ಪಿಸಿದಳು: ಮರವಿಲ್ಲ, ಪೈರಿಲ್ಲ, ಉಪಯೋಗಕ್ಕೆ ಬರುವ ಗಿಡವಿಲ್ಲ.

ಹಿಮಸಾರಂಗ ಸಾಕುವ ಸಾಮಿ ಜನರ ಅಜ್ಜಿಯೊಬ್ಬರು ತಮ್ಮ ಗುಡಾರದಲ್ಲಿ ಕಾಫಿ ಕೊಟ್ಟರು. ಆಮೇಲೆ ಗುಡ್ಡದಾಚೆಯ ಹಿಂಡು ನೋಡಲು ಹೋಗುವುದೆಂದು ಮಾತಾಗಿತ್ತು. ಚಳಿಗಾಲದಲ್ಲಿ ಅಲ್ಲಿ ಬೆಳಕಿರುವುದೇ ಎರಡು ತಾಸು. ಮರುದಿನ ಬೆಳಿಗ್ಗೆ ನಮ್ಮ ವಿಮಾನ.

ಕಾಫಿ ಮುಗಿಸಿ ಎದ್ದರೆ ಅಮ್ಮನ ಕಾಲಲ್ಲಿ ಬರೀ ಕಾಲುಚೀಲ. ನನ್ನ ಹಿಂದೆ ಬಂದವಳು ಬೂಟುಗಳನ್ನು ಹೊರಗೇ ಬಿಚ್ಚಿಟ್ಟಿದ್ದಳು. ಬೆವರಿಗೆ ಒದ್ದೆಯಾಗಿದ್ದ ಬೂಟುಗಳು ಹಿಮದಲ್ಲಿ ಕಲ್ಲಾಗಿ ಕೂತಿದ್ದವು.

"ಇಲ್ಲೂ ಬಿಚ್ಚಬೇಕಿತ್ತೇನಮ್ಮ?" ರೇಗಿಬಿಟ್ಟೆ.

"ಒಲೆ ಉರೀತಿರೋ ಮನೆ. ಮೆಟ್ಕೊಂಡು ಒಳಗೆ ಬರ್ತಾರಾ ಯಾರಾದ್ರೂ?"

ಬೂಟು ಒಲೆಯ ಬಳಿ ಮೆತ್ತಗಾಗಿ ಒಣಗುವಷ್ಟರಲ್ಲಿ ಕತ್ತಲಾಗುತ್ತದೆ ಎಂದು ಅವಳಿಗೂ ಗೊತ್ತಾಯಿತು. "ಹೋಗ್ಲಿ ಬಿಡು, ನೀನು ನೋಡ್ಕೊಂಡು ಬಾ," ಎಂದಾಗ ಅವಳ ಮುಖ ನೋಡಲಾಗಲಿಲ್ಲ. ರೇಗಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅಜ್ಜಿ ಹೊಟ್ಟೆ ಹಿಡಿದು ನಕ್ಕರು. ತಮ್ಮವೇ ಒಂದು ಜೊತೆ ಹಿಮಸಾರಂಗದ ಚರ್ಮದ ಬೂಟು ತಂದು, ಒಳಗೆ ಒಣಹುಲ್ಲು ತುರುಕಿ, ಅಮ್ಮನ ಮುಂದೆ ಮಂಡಿಯೂರಿ ಕೂತರು. ಚರ್ಮದ ಪರ್ಸನ್ನೂ ಮುಟ್ಟದ ಅಮ್ಮ ಒಂದು ಗಳಿಗೆ ಅಳುಕಿದಳು. ಆಮೇಲೆ ಎರಡೂ ಕಾಲು ಮುಂದೆ ಚಾಚಿದಳು.

"ಯಾವ ಹುಲ್ಲು ಅಂತ ಕೇಳು."

ಕೇಳಿದೆ. ಇಲ್ಲೇ ಜೌಗಿನಲ್ಲಿ ಬೇಸಿಗೆಯಲ್ಲಿ ಬೆಳೆಯುತ್ತದೆ, ಬಡಿದು ಒಣಗಿಸಿಡುತ್ತೇವೆ ಎಂದರು ಅಜ್ಜಿ. ಅಮ್ಮ ಬಗ್ಗಿ, ಬೂಟಿನಿಂದ ಹೊರಬಂದಿದ್ದ ಒಂದೆಳೆ ಹುಲ್ಲನ್ನು ಬೆರಳಲ್ಲಿ ಹೊಸೆದು ನೋಡಿದಳು.

ಗುಡ್ಡ ದಾಟಿದಾಗ ಇನ್ನೂ ನಸುಬೆಳಕಿತ್ತು. ನೂರಾರು ಹಿಮಸಾರಂಗಗಳು ಹಿಮ ಕೆದಕುತ್ತಾ ಮೇಯುತ್ತಿದ್ದವು. ಅಮ್ಮ ಕಣ್ಣೊರೆಸಿಕೊಂಡಳು. ಸಂತೋಷಕ್ಕೆ ಅವಳ ತೋಳು ಹಿಡಿದುಕೊಂಡೆ. ಎಲ್ಲಾ ನೀನು ಹೇಳಿಕೊಟ್ಟ ಹಾಗೇ ಇದೆಯಲ್ಲಮ್ಮ ಎಂದೆ.

ಅವಳು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು.

"ಈ ಹುಲ್ಲು ಎಷ್ಟು ಬೆಚ್ಚಗಿದೆ ಗೊತ್ತಾ? ಉಪಯೋಗಕ್ಕೆ ಬರೋ ಗಿಡ ಇಲ್ಲ ಅಂತ ಮೂವತ್ತು ವರ್ಷ ಬರೆಸಿದೀನಿ. ಅಷ್ಟೂ ಮಕ್ಕಳನ್ನ ಈಗ ಎಲ್ಲಿ ಅಂತ ಹುಡುಕಲಿ?"